ಮಿಥುನ ರಾಶಿಯಲ್ಲಿ ಒಂದು ಅನಧಿಕೃತ ನಕ್ಷತ್ರ

1996ರ ಜನವರಿ ಹದಿನೈದರಿಂದ ಈಚೆಗೆ ಆಕಾಶದಲ್ಲಿ ಯಾವುದೇ ಬದಲಾವಣೆ ಆಗಿರುವುದಿಲ್ಲ. ಕೋಪರಖೈರಣೆಯ ಆಕಾಶಚಿತ್ರ ಶುದ್ಧೀಕರಣ ಕೇಂದ್ರವು ಇದನ್ನು ಪ್ರತಿ ತಿಂಗಳ ಐದನೇ ತಾರೀಕಿನೊಳಗೆ ಮೂರು ಪ್ರತಿಗಳಲ್ಲಿ ದೃಢೀಕರಿಸುತ್ತ ಬಂದಿದೆ. ಮಧ್ಯದಲ್ಲಿ ಒಂದು ನಕ್ಷತ್ರದ ಸೇರ್ಪಡೆ ಆದದ್ದು ನಿಜ. ಅದು ನಿಯಮಾನುಸಾರ ಆದದ್ದರಿಂದ ಬದಲಾವಣೆ ಎನಿಸಿಕೊಳ್ಳುವುದಿಲ್ಲ.

ಕೇಂದ್ರ ಇದ್ದದ್ದು ಮಾರ್ಕೆಟ್ ಕಟ್ಟಡದ ಎರಡನೇ ಮಹಡಿಯಲ್ಲಿ, ಹಿಟ್ಟಿನ ಗಿರಣಿಗೂ ಟೈಪಿಂಗ್ ಕ್ಲಾಸಿಗೂ ನಡುವೆ. ದೂರದರ್ಶಕ ಇದ್ದದ್ದು ಮುರ್ಬಾಡಿನ ಆಚೆ, ಒಂದು ಗುಡ್ಡದ ಮೇಲೆ. ಅದು ದಿನಾ ರಾತ್ರಿ ಆಕಾಶದ ಗೊತ್ತುಪಡಿಸಿದ ಭಾಗಗಳ ಫೋಟೋ ತೆಗೆಯುತ್ತಿತ್ತು. ನಿನ್ನೆಯ ಚಿತ್ರವನ್ನೂ ಇಂದಿನ ಚಿತ್ರವನ್ನೂ ಹೋಲಿಸಿ ಯಾವ ನಕ್ಷತ್ರ ಮಂಕಾಯಿತು, ಯಾವುದು ಇದ್ದಕ್ಕಿದ್ದಂತೆ ಬೆಳಗಿತು ಎಂದು ಕಂಡುಹಿಡಿಯುವುದೇ ಈ ಯೋಜನೆಯ ಉದ್ದೇಶ ಎಂದು ಮೆಟ್ಟಿಲ ಬಳಿಯ ಉದ್ಘಾಟನೆಯ ಕಲ್ಲಿನ ಮೇಲೆ ಕೆತ್ತಿದೆ. ಚಿತ್ರಗಳನ್ನು ತುಂಬಿದ ಟೇಪು ಬೆಳಗಿನ ಎಸ್‌ಟಿ ಬಸ್ಸಿನಲ್ಲಿ ಕಲ್ಯಾಣಕ್ಕೆ ಬರುತ್ತಿತ್ತು. ಅದನ್ನು ಕಂಡಕ್ಟರನಿಂದ ಇಸಿದುಕೊಂಡು, ಲೋಕಲ್ ರೈಲು ಹತ್ತಿ ಠಾಣೆ ಪಟ್ಟಣಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹತ್ತೂವರೆಗೆ ಕೇಂದ್ರಕ್ಕೆ ಮುಟ್ಟಿಸುವುದು ಪ್ಯೂನ್ ಸಿದ್ರಾಮನ ಕೆಲಸ. ಸಿದ್ರಾಮ ಕಲಬುರಗಿ ಕಡೆಯವನು, ದಿವಾ ಎಂಬಲ್ಲಿ ಚಾಳಿನ ಸಾಲುಮನೆಯೊಂದರಲ್ಲಿ ಇದ್ದ. ಆಕಾಶವನ್ನು ಅವನು ಊಟದ ಡಬ್ಬಿಯ ಚೀಲದಲ್ಲೇ ತರುತ್ತಿದ್ದ. ಬೇರೆ ಚೀಲಕ್ಕೆ ಮಂಜೂರಾತಿ ಇನ್ನೂ ಬಂದಿರಲಿಲ್ಲ.

ಬಂದ ಚಿತ್ರ ಹಾಗೇ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಮೆರಾಕ್ಕೆ ತನ್ನವೇ ದೋಷಗಳಿರುತ್ತವೆ. ಮುಚ್ಚಳ ಹಾಕಿದ್ದರೂ ಒಂದಿಷ್ಟು ಬೆಳಕು ಕಂಡೆ ಎನ್ನುತ್ತದೆ. ಗಾಜಿನ ಮೇಲೆ ಕೂತ ಧೂಳಿನ ಕಣ ಚಿತ್ರದಲ್ಲಿ ಉದ್ದಿನವಡೆಯ ಹಾಗೆ ನಡುವೆ ತೂತಿಟ್ಟುಕೊಂಡು ಮೂಡುತ್ತದೆ. ಆದ್ದರಿಂದ ಮುಚ್ಚಳ ಹಾಕಿ ತೆಗೆದ ಚಿತ್ರವನ್ನು ಮೊದಲು ಕಳೆಯಬೇಕು, ಆಮೇಲೆ ಬಿಳಿ ಪರದೆಯ ಚಿತ್ರದಿಂದ ಭಾಗಿಸಬೇಕು, ಕೊನೆಗೆ ಪ್ರಕಾಶ ಗೊತ್ತಿರುವ ಕೆಲವು ನಕ್ಷತ್ರಗಳನ್ನು ಅಳತೆಗೋಲು ಮಾಡಿಕೊಂಡು ಉಳಿದವುಗಳ ಪ್ರಕಾಶ ಅಳೆಯಬೇಕು. ಇಷ್ಟನ್ನೂ ಮನುಷ್ಯರ ಕೈ ತಾಗದಂತೆ ಮಾಡುವ ಕಂಪ್ಯೂಟರ್ ಪ್ರೋಗ್ರಾಮನ್ನು ರಾಯಚೂರಿನ ಅನಿಲಕುಮಾರ ಎಂಬ ತರುಣ ಎಂಟು ತಿಂಗಳು ಕೂತು ಬರೆದಿದ್ದ. ಅದಕ್ಕೆ 'ಶುದ್ಧಿ' ಎಂದು ಹೆಸರಿಡಲು ಒಂದು ಉಪಸಮಿತಿ ಹನ್ನೊಂದು ತಿಂಗಳು ಕೂತಿತ್ತು.

ಶುದ್ಧಿಯಾದ ಚಿತ್ರಗಳನ್ನು ನೋಡಿ ಸಹಿ ಹಾಕಲು ನಳಿನಾಕ್ಷಿ ಎಂಬ ತಾಂತ್ರಿಕ ಸಹಾಯಕಿ ಇದ್ದಳು. ಭೌತಶಾಸ್ತ್ರದ ಪದವೀಧರೆ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಅವಳ ತಂದೆ ಮುರಾರಿ ಉಡುಪಿಯ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ವೆಜ್ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಇಪ್ಪತ್ತೆಂಟು ವರ್ಷ ಕೂತಿದ್ದರು. ಈಗ ಮೊಣಕಾಲು ಮಡಚಲು ಆಗದೆ ಮನೆಯಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ಮಗಳ ನೌಕರಿಯಿಂದ. ಆ ನೌಕರಿಯೋ ಹನ್ನೊಂದು ತಿಂಗಳ ಗುತ್ತಿಗೆಯದು. ಹನ್ನೊಂದು ತಿಂಗಳು ಮುಗಿದ ಮೇಲೆ ಅವಳನ್ನು ಒಂದು ದಿನ ತೆಗೆದುಹಾಕಿ ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಮರುದಿನ ಸೇರಿಸಿಕೊಳ್ಳದೆಯೂ ಇರಬಹುದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೇಂದ್ರದ ಮುಖ್ಯಸ್ಥರು ಮಧ್ವೇಶ ರಾವ್. ಅವರಿಗೆ ಖಗೋಳಶಾಸ್ತ್ರದ ಪರಿಚಯ ಇರಲಿಲ್ಲ, ಇದೆ ಎಂದು ಅವರು ಎಂದೂ ಹೇಳಿಕೊಂಡವರೂ ಅಲ್ಲ. ಹುದ್ದೆಯ ಜಾಹೀರಾತಿನಲ್ಲಿ 'ಅಳತೆಯ ಸಾಧನಗಳ ಶುದ್ಧತೆಯನ್ನು ಪರಿಶೀಲಿಸಿದ ಹತ್ತು ವರ್ಷಗಳ ಅನುಭವ' ಎಂದು ಕೇಳಿತ್ತು. ಖಗೋಳ ಓದಿದ ಮೂವರು ಅರ್ಜಿ ಹಾಕಿದ್ದರು. ಯಾರಿಗೂ ನಾಲ್ಕು ವರ್ಷದ ಮೇಲೆ ಅನುಭವ ಇರಲಿಲ್ಲ. ರಾವ್ ಅವರು ಠಾಣೆ, ಕಲ್ಯಾಣದ ಪೇಟೆಗಳಲ್ಲಿ ತಕ್ಕಡಿ ಮತ್ತು ತೂಕದ ಕಲ್ಲುಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರಾಗಿ ಮೂವತ್ತು ವರ್ಷ ದುಡಿದಿದ್ದರು. ಪ್ರಾಮಾಣಿಕರು. ವ್ಯಾಪಾರಿಗಳ ಅಂಗಡಿಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಆಯ್ಕೆ ಸಮಿತಿಗೆ ಯೋಚಿಸುವಂಥದ್ದು ಏನೂ ಉಳಿಯಲಿಲ್ಲ.

ಮೊದಲ ಮೂರು ತಿಂಗಳಲ್ಲಿ ಶುದ್ಧಿ ಪ್ರೋಗ್ರಾಮು ಇನ್ನೂರ ಹದಿನಾಲ್ಕು ನಕ್ಷತ್ರಗಳ ಪ್ರಕಾಶ ಬದಲಾಗಿದೆ ಎಂದು ವರದಿ ಮಾಡಿತು. ಪ್ರತಿಯೊಂದಕ್ಕೂ ನಮೂನೆ ಏಳನ್ನು ತುಂಬಿ ಪ್ರಧಾನ ಕಚೇರಿಗೆ ಕಳಿಸಬೇಕಿತ್ತು. ಅದರಲ್ಲಿ ಮೂರು ಕಾಲಂ: ಬದಲಾವಣೆಗೆ ಹೊಣೆ ಯಾರು, ಪೂರ್ವಾನುಮತಿ ಪಡೆಯಲಾಗಿತ್ತೇ, ಇನ್ನು ಮುಂದೆ ಹೀಗಾಗದಂತೆ ಕೈಗೊಂಡ ಕ್ರಮವೇನು. ನಳಿನಾಕ್ಷಿ ಮೊದಲನೆಯದರಲ್ಲಿ 'ನಕ್ಷತ್ರ' ಎಂದು ಬರೆದಳು. ಇನ್ನೂರ ಹದಿನಾಲ್ಕೂ ವಾಪಸು ಬಂದವು. ಮೇಲೆ ಕೆಂಪು ಶಾಯಿಯಲ್ಲಿ 'ಹೊಣೆಗಾರರ ಪೂರ್ಣ ಹೆಸರು ಮತ್ತು ಹುದ್ದೆ ನಮೂದಿಸಿ' ಎಂದಿತ್ತು.

ರಾವ್ ಅವರು ಅನಿಲಕುಮಾರನನ್ನು ಕರೆಸಿದರು.

“ಇಷ್ಟು ನಕ್ಷತ್ರ ಹೇಗೆ ಮಾರಾಯ್ರೆ ತಪ್ಪಿದ್ದು?”

“ತಪ್ಪಿಲ್ರೀ ಸರ್. ನಕ್ಷತ್ರ ಬದಲಾಗತಾವ್ರಿ. ಕೆಲವು ಉಬ್ಬತಾವು, ಕುಗ್ಗತಾವು. ಅದನ್ನ ಹಿಡೀಲಿಕ್ಕೇ ಅಲ್ಲೇನ್ರಿ ಈ ಯೋಜನಾ ಮಾಡಿದ್ದು.”

“ಹಿಡಿಯುವುದು ನನಗೂ ಗೊತ್ತುಂಟು. ಮೂವತ್ತು ವರ್ಷ ಅದನ್ನೇ ಮಾಡಿದವ ನಾನು. ಹಿಡಿದ ಮೇಲೆ ಏನು ಮಾಡ್ತಾರೆ? ಸರಿ ಮಾಡ್ತಾರೆ. ನೀವು ಹಿಡಿದು ಹಾಗೇ ಬಿಟ್ಟಿದ್ದೀರಿ.”

“ನಕ್ಷತ್ರಾನ ಹೆಂಗ ಸರಿ ಮಾಡೂದ್ರಿ?”

ರಾವ್ ಅವರು ಮೇಜಿನ ಮೇಲಿದ್ದ ದಪ್ಪ ಪಟ್ಟಿಯನ್ನು ಅವನ ಕಡೆ ತಳ್ಳಿದರು. ಅದರಲ್ಲಿ ಆಕಾಶದ ಅಷ್ಟೂ ನಕ್ಷತ್ರಗಳ ಹೆಸರು, ಸ್ಥಾನ, ಪ್ರಕಾಶದ ಅಂಕೆ ಅಚ್ಚಾಗಿತ್ತು. “ಇದರಲ್ಲಿ ಎಷ್ಟು ಉಂಟೋ ಅಷ್ಟು ಮಾಡಿ. ಮತ್ತೆ ಇನ್ನೊಂದು. ಬೆಳಕು ಹೆಚ್ಚಾದ ಹಾಗೆ ಅಂಕೆ ಕಡಿಮೆ ಆಗ್ತದೆ ಅಂತ ನಳಿನಾಕ್ಷಿಯವರು ಹೇಳಿದರು. ಹೌದಾ?”

“ಹೌದ್ರಿ ಸರ್. ಅದು ಎರಡು ಸಾವಿರ ವರ್ಷದ ಪದ್ಧತಿ.”

“ಮಾಲು ಹೆಚ್ಚು ಹಾಕಿದ ಹಾಗೆ ತೂಕ ಕಡಿಮೆ ತೋರಿಸುವ ತಕ್ಕಡಿಯನ್ನು ನಾನು ಒಂದೇ ಸಲ ನೋಡಿದ್ದು, ಕಲ್ಯಾಣದಲ್ಲಿ. ಅವತ್ತೇ ಜಪ್ತಿ ಮಾಡಿದ್ದೇನೆ.” ಪಟ್ಟಿಯ ಮೇಲೆ ಬೆರಳಿಟ್ಟು ಹೇಳಿದರು, “ಹಳೇ ಪದ್ಧತಿ ಅಂತ ಬಿಟ್ಟಿದ್ದೇನೆ. ಆದರೆ ಅಂಥವುಗಳ ಮೇಲೆ ಒಂದು ಕಣ್ಣು ಇರಬೇಕು.”

ಅನಿಲಕುಮಾರ ಮೂರು ದಿನ ಪ್ರತಿಭಟಿಸಿದ. ನಾಲ್ಕನೆಯ ದಿನ ಅವನ ನೌಕರಿ ಕಾಯಂ ಆದ ಆದೇಶ ಬಂತು. ಐದನೆಯ ದಿನ, ಅಂದರೆ ಜನವರಿ ಹದಿನೈದರಂದು, ಅವನು ಪ್ರೋಗ್ರಾಮಿಗೆ ಎಂಟನೆಯ ಹಂತವನ್ನು ಸೇರಿಸಿದ. ಮೊದಲ ಏಳು ಹಂತಗಳು ಚಿತ್ರವನ್ನು ಬಹಳ ಎಚ್ಚರಿಕೆಯಿಂದ ತೊಳೆದು, ಒರೆಸಿ, ಪ್ರತಿ ನಕ್ಷತ್ರದ ಪ್ರಕಾಶವನ್ನು ನೂರನೇ ಒಂದಂಶದಷ್ಟು ಸರಿಯಾಗಿ ಅಳೆಯುತ್ತಿದ್ದವು. ಎಂಟನೆಯ ಹಂತ ಆ ಅಳತೆಯನ್ನು ಅಳಿಸಿ ಪಟ್ಟಿಯಲ್ಲಿದ್ದ ಅಂಕೆಯನ್ನು ಬರೆಯುತ್ತಿತ್ತು. ಪಟ್ಟಿಯಲ್ಲಿ ಇಲ್ಲದ ಬೆಳಕು ಕಂಡರೆ ಅದನ್ನು ಒರೆಸಿಬಿಡುತ್ತಿತ್ತು. ಆ ತಿಂಗಳ ವರದಿಯಲ್ಲಿ ಬದಲಾವಣೆಗಳ ಸಂಖ್ಯೆ ಸೊನ್ನೆ. ಪ್ರಧಾನ ಕಚೇರಿಯಿಂದ ಮೆಚ್ಚುಗೆಯ ಪತ್ರ ಬಂತು.

ಜುಲೈ ತಿಂಗಳಲ್ಲಿ ಮಳೆಯಿಂದ ಗುಡ್ಡದ ಮೇಲೆ ಗುಮ್ಮಟ ತೆರೆಯಲಾಗಲಿಲ್ಲ. ಟೇಪಿನಲ್ಲಿ ಬರುತ್ತಿದ್ದದ್ದು ಮುಚ್ಚಿದ ಗುಮ್ಮಟದ ಒಳಗಿನ ಕತ್ತಲು. ಶುದ್ಧಿ ಅದನ್ನೂ ಏಳು ಹಂತಗಳಲ್ಲಿ ತೊಳೆದು, ಎಂಟನೆಯದರಲ್ಲಿ ಎಲ್ಲ ನಕ್ಷತ್ರಗಳನ್ನೂ ಇದ್ದಲ್ಲಿ ಇಟ್ಟು ಕೊಟ್ಟಿತು. ಮೋಡ ಅಡ್ಡ ಬರದಿದ್ದ ಕಾರಣ ಜುಲೈಯ ಚಿತ್ರಗಳು ವರ್ಷದಲ್ಲೇ ಅತ್ಯಂತ ಸ್ವಚ್ಛವಾಗಿದ್ದವು. ಗುಣಮಟ್ಟದ ಪ್ರಮಾಣಪತ್ರ ಕೊಡುವವರು ಬಂದು ಪರಿಶೀಲಿಸಿದ್ದು ಆ ತಿಂಗಳೇ. ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗಿರಣಿಯ ಗೋಡೆಯ ಬದಿಗೆ ತೂಗುಹಾಕಿದರು. ಗಿರಣಿ ನಡೆಯುವಾಗ ಅದು ಸ್ವಲ್ಪ ಅಲುಗುತ್ತಿತ್ತು.

ನಳಿನಾಕ್ಷಿಗೆ ಒಂದು ದುರಭ್ಯಾಸ ಇತ್ತು. ಟೇಪಿನಿಂದ ಚಿತ್ರಗಳು ಕಂಪ್ಯೂಟರಿಗೆ ಇಳಿಯಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಇಪ್ಪತ್ತು ನಿಮಿಷ, ಶುದ್ಧಿ ಶುರುವಾಗುವ ಮೊದಲು, ಹಸಿ ಚಿತ್ರಗಳನ್ನು ಅವಳು ನೋಡುತ್ತಿದ್ದಳು. ಧೂಳಿನ ವಡೆಗಳು, ಗೀಚುಗಳು, ಹಾದುಹೋದ ವಿಮಾನದ ಗೆರೆ, ಅವುಗಳ ನಡುವೆ ಉಬ್ಬುವ ಕುಗ್ಗುವ ನಕ್ಷತ್ರಗಳು. ಕೆಲವನ್ನು ಅವಳು ಗುರುತಿಟ್ಟುಕೊಂಡಿದ್ದಳು. ಅದರಿಂದ ಕೇಂದ್ರಕ್ಕೆ ಏನೂ ಉಪಯೋಗ ಇರಲಿಲ್ಲ.

1996ರ ಡಿಸೆಂಬರ್ ಹತ್ತೊಂಬತ್ತು, ಗುರುವಾರ, ಬೆಳಿಗ್ಗೆ ಹತ್ತು ಐವತ್ತಕ್ಕೆ ಮಿಥುನ ರಾಶಿಯ ಜೋಡಿ ಆಕೃತಿಯ ಪಾದದ ಬಳಿ ಒಂದು ನಕ್ಷತ್ರ ಹೆಚ್ಚಿಗೆ ಇರುವುದು ಅವಳಿಗೆ ಕಂಡಿತು. ಹಿಂದಿನ ರಾತ್ರಿಯ ಚಿತ್ರ ತೆಗೆದು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಧೂಳಿರಬಹುದು ಎಂದು ಅದೇ ರಾತ್ರಿಯ ಇನ್ನೆರಡು ಚಿತ್ರ ನೋಡಿದಳು. ಕ್ಯಾಮೆರಾ ಸ್ವಲ್ಪ ಸರಿದಿತ್ತು. ಧೂಳು ಕ್ಯಾಮೆರಾದ ಜೊತೆ ಉಳಿದಿತ್ತು, ಈ ಬೆಳಕು ನಕ್ಷತ್ರಗಳ ಜೊತೆ ಸರಿದಿತ್ತು. ಸಾವಿರಾರು ವರ್ಷ ಸುಮ್ಮನಿದ್ದ ಒಂದು ನಕ್ಷತ್ರ ಸ್ಫೋಟಗೊಂಡು ಹೊತ್ತಿಕೊಳ್ಳುವುದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಈಗ ಅದು ಅವಳ ಮುಂದೆ, ಗಿರಣಿಯ ಸದ್ದಿನ ನಡುವೆ, ಇಷ್ಟು ದೊಡ್ಡದಾಗಿ ಕೂತಿತ್ತು.

ಹನ್ನೊಂದು ಹತ್ತಕ್ಕೆ ಶುದ್ಧಿ ಶುರುವಾಯಿತು. ಏಳು ಹಂತಗಳಲ್ಲಿ ನಕ್ಷತ್ರ ಇನ್ನಷ್ಟು ಸ್ಪಷ್ಟವಾಯಿತು. ಎಂಟನೆಯದರಲ್ಲಿ ಹೋಯಿತು. ಪ್ರಿಂಟರಿನಲ್ಲಿ ಒಂದು ಸಾಲು ಬಂತು: 'ಅನಧಿಕೃತ ಬೆಳಕು: ಒಂದು. ತೆರವುಗೊಳಿಸಲಾಗಿದೆ.'

ಅವಳು ಕಾಗದ ಹಿಡಿದುಕೊಂಡು ರಾವ್ ಅವರ ಕೋಣೆಗೆ ಹೋದಳು.

“ಸರ್, ಮಿಥುನದಲ್ಲಿ ಹೊಸ ನಕ್ಷತ್ರ ಬಂದಿದೆ.”

“ತೆರವಾಗಿದೆ ಅಂತ ಬರೆದಿದೆಯಲ್ಲ.”

“ಚಿತ್ರದಿಂದ ತೆರವಾಗಿದೆ ಸರ್. ಆಕಾಶದಲ್ಲಿ ಉಂಟು. ಇಂಥ ಸುದ್ದಿ ಒಟ್ಟುಮಾಡುವ ಕಚೇರಿ ವಿದೇಶದಲ್ಲಿ ಉಂಟು, ಅವರಿಗೆ ಇವತ್ತೇ ತಂತಿ ಕೊಡಬೇಕು. ನಾವು ಹೇಳಿದರೆ ಜಗತ್ತಿನ ದೊಡ್ಡ ದೂರದರ್ಶಕಗಳೆಲ್ಲ ಅದರ ಕಡೆ ತಿರುಗ್ತವೆ. ಎರಡು ದಿನ ತಡವಾದರೆ ಬೇರೆ ಯಾರಾದರೂ ಹೇಳ್ತಾರೆ.”

ರಾವ್ ಅವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಈ ಹುಡುಗಿಯ ಮೇಲೆ ವಿಶ್ವಾಸ ಇತ್ತು. “ನೋಡಿ ನಳಿನಾಕ್ಷಿಯವರೆ, ಪಟ್ಟಿಯಲ್ಲಿ ಇಲ್ಲದ್ದನ್ನು ಕಂಡೆ ಅಂತ ನಾನು ಬರೆದುಕೊಟ್ಟರೆ, ಪಟ್ಟಿ ತಪ್ಪು ಅಂತ ಆಗ್ತದೆ. ಪಟ್ಟಿ ತಪ್ಪು ಅಂತಾದರೆ ಹನ್ನೊಂದು ತಿಂಗಳು ನಾವು ಸಹಿ ಹಾಕಿದ್ದು? ನಿಮ್ಮ ಗುತ್ತಿಗೆ ಯಾವಾಗ ಮುಗಿಯುವುದು?”

“ಫೆಬ್ರವರಿಯಲ್ಲಿ.”

“ಹಾಗಾದರೆ ಮಾರ್ಚಿನಲ್ಲಿ ನೋಡುವ. ನಕ್ಷತ್ರ ಎಲ್ಲಿಗೆ ಹೋಗ್ತದೆ?”

ಸಂಜೆ ಡೊಂಬಿವಲಿಯಲ್ಲಿ ಇಳಿದವಳು ಮನೆಗೆ ಹೋಗದೆ ಸ್ಟೇಷನ್ ಹತ್ತಿರದ ತಂತಿ ಕಚೇರಿಯ ಮುಂದೆ ಹತ್ತು ನಿಮಿಷ ನಿಂತಳು. ಮನೆಯಲ್ಲಿ ಅಪ್ಪನ ಮೊಣಕಾಲು, ಫೆಬ್ರವರಿಯ ಒಂದು ದಿನ, ಎಲ್ಲವನ್ನೂ ಯೋಚಿಸಿದಳು. ಆಮೇಲೆ ಒಳಗೆ ಹೋಗಿ ಫಾರಂ ತುಂಬಿದಳು. ಕಿಟಕಿಯ ಗುಮಾಸ್ತ ಇಂಗ್ಲಿಷಿನ ಒಕ್ಕಣೆಯನ್ನು ಮೆಲ್ಲಗೆ ಓದಿದ. ಹೊಸ ತಾರೆ, ಮಿಥುನ, ಆಮೇಲೆ ಬರೀ ಅಂಕೆಗಳು.

“ನವೀ ತಾರಾ,” ಎಂದ ಅವನು. “ಮುಲ್ಗೀ ಝಾಲೀ ಕಾ? ಕೋಣಾಲಾ?”

ಮಗಳು ಹುಟ್ಟಿದ್ದು ಯಾರಿಗೆ ಎಂದು ಕೇಳುತ್ತಿದ್ದ. ರಾಶಿ, ಹೊತ್ತು, ಅಂಕೆ ಎಲ್ಲ ಇದ್ದುದರಿಂದ ಅವನು ಅದನ್ನು ಜಾತಕ ಎಂದುಕೊಂಡಿದ್ದ. ವಿವರಿಸಲು ಹೊರಟರೆ ಕಚೇರಿ ಮುಚ್ಚುವ ಹೊತ್ತಾಗುತ್ತದೆಂದು ನಳಿನಾಕ್ಷಿ, “ಅಮ್ಚ್ಯಾ ಘರೀಚ್,” ಎಂದಳು. ನಮ್ಮ ಮನೆಯಲ್ಲೇ. ಅವನು ಅಭಿನಂದನೆ ಹೇಳಿ ಮುದ್ರೆ ಒತ್ತಿದ.

ಆರು ದಿನಗಳ ನಂತರ ವಿದೇಶದ ಆ ಕಚೇರಿಯ ಸುತ್ತೋಲೆ ಪ್ರಧಾನ ಕಚೇರಿಗೆ ತಲುಪಿತು. ಮಿಥುನದಲ್ಲಿ ಹೊಸ ನಕ್ಷತ್ರ. ಮೊದಲು ಕಂಡವರು ನಳಿನಾಕ್ಷಿ, ಕೋಪರಖೈರಣೆ. ನಂತರ ಒಂದೂವರೆ ದಿನ ತಡವಾಗಿ ಬೇರೆ ಇಬ್ಬರು. ಮೂರು ಖಂಡಗಳ ದೂರದರ್ಶಕಗಳು ಅದರ ಕಡೆ ತಿರುಗಿದ್ದವು. ಪ್ರಧಾನ ಕಚೇರಿಯಿಂದ ತಕ್ಷಣ ಜ್ಞಾಪನ ಪತ್ರ ಬಂತು: 'ನಿಮ್ಮ ಕೇಂದ್ರದ ದೃಢೀಕೃತ ಆಕಾಶದಲ್ಲಿ ಇಲ್ಲದ ನಕ್ಷತ್ರವು ನಿಮ್ಮ ಸಿಬ್ಬಂದಿಗೆ ಕಂಡದ್ದು ಹೇಗೆಂಬುದನ್ನು ಏಳು ದಿನಗಳೊಳಗೆ ವಿವರಿಸತಕ್ಕದ್ದು. ದಾಖಲೆ ಸುಳ್ಳೋ ಸಿಬ್ಬಂದಿ ಸುಳ್ಳೋ ಎಂಬುದನ್ನು ಸ್ಪಷ್ಟಪಡಿಸತಕ್ಕದ್ದು.'

ವಿಚಾರಣೆ ರಾವ್ ಅವರ ಕೋಣೆಯಲ್ಲೇ ನಡೆಯಿತು. ಅನಿಲಕುಮಾರ ನಡಾವಳಿ ಬರೆದುಕೊಂಡ. ಸಿದ್ರಾಮ ಚಹಾ ತಂದಿದ್ದ.

“ನೀವು ಕಚೇರಿಯ ವೇಳೆಯಲ್ಲಿ ಆಕಾಶ ನೋಡಿದ್ದು ನಿಜವೇ?”

“ಆಕಾಶ ಅಲ್ಲ ಸರ್. ಚಿತ್ರ.”

“ಶುದ್ಧಿಗೆ ಮುಂಚೆಯೋ, ನಂತರವೋ?”

“ಮುಂಚೆ.”

“ಶುದ್ಧಿಗೆ ಮುಂಚೆ ನೋಡಲಿಕ್ಕೆ ನಿಮಗೆ ಯಾರು ಅನುಮತಿ ಕೊಟ್ಟರು?”

“ಕಣ್ಣೆದುರು ಇತ್ತು ಸರ್.”

ಅನಿಲಕುಮಾರ 'ಅನುಮತಿ ಇಲ್ಲ' ಎಂದು ಬರೆದುಕೊಂಡ. ಬರೆದ ಮೇಲೆ ಪೆನ್ನು ಕೆಳಗಿಟ್ಟು, “ಸರ್, ಆ ನಕ್ಷತ್ರ ಖರೇನ ಐತ್ರಿ,” ಎಂದ. “ನಾನೂ ನೋಡೀನಿ. ದಿನಾ ಮುಂಜಾನೆ ನನ್ನ ಪ್ರೋಗ್ರಾಮು ಅದನ್ನ ಅಳದು, ಬರೋಬ್ಬರಿ ಲೆಕ್ಕ ತಗದು, ಆಮ್ಯಾಲ ಒರಸತೈತಿ. ನನಗ ನೋಡಾಕ ಆಗವಲ್ದು.”

ರಾವ್ ಅವರು ಜ್ಞಾಪನ ಪತ್ರವನ್ನು ಇನ್ನೊಮ್ಮೆ ಓದಿದರು. ಮೂವತ್ತು ವರ್ಷಗಳಲ್ಲಿ ಅವರು ಒಬ್ಬರ ಅನ್ನಕ್ಕೂ ಕಲ್ಲು ಹಾಕಿದವರಲ್ಲ, ಕಲ್ಲಿನ ತೂಕ ಕಡಿಮೆ ಇದ್ದವರನ್ನು ಬಿಟ್ಟು. “ದಾಖಲೆ ಸುಳ್ಳು ಅಂತ ನಾನು ಬರೆಯುವ ಹಾಗಿಲ್ಲ. ಈಕೆ ಸುಳ್ಳು ಅಂತ ಬರೆಯಲಿಕ್ಕೆ ಮನಸ್ಸು ಬರುವುದಿಲ್ಲ. ಅನಧಿಕೃತ ಅಂತಾದ ಮೇಲೆ ಬೇರೆ ದಾರಿ ಯಾವುದು ಉಂಟು?”

“ರೆಗ್ಯುಲರ್ ಮಾಡ್ಸೂದ್ರೀ ಸಾಹೇಬ್ರ,” ಎಂದ ಸಿದ್ರಾಮ, ಚಹಾದ ಖಾಲಿ ಕಪ್ಪು ಬಸಿ ಎತ್ತಿಕೊಳ್ಳುತ್ತ.

ಮೂವರೂ ಅವನ ಕಡೆ ನೋಡಿದರು.

“ನಮ್ಮ ದಿವಾದಾಗ ಎಲ್ಲಾ ಅನಧಿಕೃತನ ಅದಾವ್ರಿ. ಮೊದಲ ಬಂದು ಕೂಡತಾರ, ಆಮ್ಯಾಲ ಕಾಗದ ಆಗತಾವು. ಅರ್ಜಿ ಹಾಕಬೇಕ್ರಿ, ಲೈಟ್ ಬಿಲ್ ಹಚ್ಚಬೇಕು, ಆಜೂಬಾಜೂದವರ ತಕರಾರು ಇರಬಾರದು. ತೊಂಬತ್ತೈದರ ಜನವರಿ ಒಂದಕಿಂತ ಮೊದಲ ಅಲ್ಲಿ ಇದ್ದೆ ಅಂತ ಸಾಬೀತು ಆತಂದ್ರ ಯಾರೂ ಎಬ್ಬಸಂಗಿಲ್ಲ.”

“ಇದು ಬಂದದ್ದು ತೊಂಬತ್ತಾರರ ಡಿಸೆಂಬರಿನಲ್ಲಿ,” ಎಂದರು ರಾವ್, ನಿಜವಾದ ಬೇಸರದಿಂದ.

ನಳಿನಾಕ್ಷಿ ತಲೆ ಎತ್ತಿದಳು. “ಬೆಳಕು ಇಲ್ಲಿಗೆ ಬಂದದ್ದು ಡಿಸೆಂಬರಿನಲ್ಲಿ ಸರ್. ಅಲ್ಲಿಂದ ಹೊರಟದ್ದು ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ.”

ರಾವ್ ಅವರು ಜ್ಞಾಪನ ಪತ್ರವನ್ನು ಬದಿಗೆ ಸರಿಸಿದರು.

“ದಾಖಲೆ ಉಂಟಾ?” ಎಂದು ಕೇಳಿದರು ರಾವ್.

“ಸುತ್ತೋಲೆಯಲ್ಲಿ ದೂರ ಕೊಟ್ಟಿದ್ದಾರೆ.”

“ಹಂಗಿದ್ರ ಅದು ನಮ್ಮೆಲ್ಲಾರಕಿಂತ ಹಳೇದಾತಲ್ರಿ,” ಎಂದು ಸಿದ್ರಾಮ ಕಪ್ಪು ಬಸಿ ಹಿಡಿದುಕೊಂಡು ಹೊರಗೆ ಹೋದ.

ಅರ್ಜಿಯನ್ನು ಜನವರಿಯಲ್ಲಿ ನಕ್ಷತ್ರದ ಪರವಾಗಿ ನಳಿನಾಕ್ಷಿ ಸಲ್ಲಿಸಿದಳು. ಅರ್ಜಿದಾರರ ವಯಸ್ಸು, ವಿಳಾಸ, ಎಷ್ಟು ಜನ ವಾಸ ಎಂಬ ಕಾಲಂಗಳನ್ನು ತಿಳಿದಮಟ್ಟಿಗೆ ತುಂಬಿದಳು. ಲೈಟ್ ಬಿಲ್ಲಿನ ಜಾಗದಲ್ಲಿ ಹಸಿ ಚಿತ್ರವನ್ನೇ ಲಗತ್ತಿಸಿದಳು. ಅದರಲ್ಲಿ ಲೈಟು ಸ್ಪಷ್ಟವಾಗಿ ಇದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ. ಕೇಂದ್ರದ ಸೂಚನಾ ಫಲಕದ ಮೇಲೆ, ಟೈಪಿಂಗ್ ಕ್ಲಾಸಿನವರಿಗೂ ಕಾಣುವಂತೆ, ಪ್ರಕಟಣೆ ಹಚ್ಚಿದರು:

'ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮಿಥುನ ರಾಶಿಯ ಪಾದದ ಬಳಿ ವಾಸವಾಗಿರುವ ನಕ್ಷತ್ರವೊಂದು ತನ್ನನ್ನು ಸಕ್ರಮಗೊಳಿಸುವಂತೆ ಕೋರಿದೆ. ಎಡಬಲದ ನಕ್ಷತ್ರಗಳಿಗಾಗಲೀ ಸಾರ್ವಜನಿಕರಿಗಾಗಲೀ ತಕರಾರು ಇದ್ದಲ್ಲಿ ಮೂವತ್ತು ದಿನಗಳೊಳಗೆ ಕಚೇರಿ ವೇಳೆಯಲ್ಲಿ ಖುದ್ದು ಹಾಜರಾಗಿ ತಿಳಿಸತಕ್ಕದ್ದು.'

ಯಾರೂ ಹಾಜರಾಗಲಿಲ್ಲ. ಕಡತ ಪ್ರಧಾನ ಕಚೇರಿಗೆ ಹೋಯಿತು. ಫೆಬ್ರವರಿಯಲ್ಲಿ ನಳಿನಾಕ್ಷಿಯ ಗುತ್ತಿಗೆ ಮುಗಿಯಿತು. ಮರುದಿನ ಅವಳನ್ನು ಸೇರಿಸಿಕೊಂಡರು, ಏಕೆಂದರೆ ಅರ್ಜಿಯ ವಿಚಾರಣೆ ಬಾಕಿ ಇರುವಾಗ ಅರ್ಜಿ ಹಾಕಿದವರು ಸಿಗದಿದ್ದರೆ ಕಡತ ಮುಚ್ಚಲು ಬರುವುದಿಲ್ಲ.

ನಕ್ಷತ್ರ ಮಾತ್ರ ಕಾಯಲಿಲ್ಲ. ಇಂಥ ನಕ್ಷತ್ರಗಳು ಕೆಲವು ವಾರ ಉರಿದು ಇಳಿಯುವುದು ಸ್ವಭಾವ. ಜನವರಿಯಲ್ಲಿ ಅದು ಒಳ್ಳೆ ದುರ್ಬೀನಿನಲ್ಲಿ ಕಾಣುವಷ್ಟು ಬೆಳಗಿತ್ತು. ಮಾರ್ಚಿನಲ್ಲಿ ಅರ್ಧಕ್ಕಿಂತ ಕಡಿಮೆ. ನಳಿನಾಕ್ಷಿ ದಿನಾ ಇಪ್ಪತ್ತು ನಿಮಿಷ ಅದನ್ನು ನೋಡುತ್ತಿದ್ದಳು, ತನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಅಂಕೆ ಬರೆದುಕೊಳ್ಳುತ್ತಿದ್ದಳು. ಆಮೇಲೆ ಶುದ್ಧಿ ಅದನ್ನು ತೆರವುಗೊ‌ಳಿಸುತ್ತಿತ್ತು. ಮೇ ತಿಂಗಳಲ್ಲಿ ಮಿಥುನ ಸೂರ್ಯನ ಹತ್ತಿರ ಹೋಯಿತು, ನಂತರ ಮಳೆ ಬಂತು. ಅಕ್ಟೋಬರಿನಲ್ಲಿ ಗುಮ್ಮಟ ತೆರೆದು ಮಿಥುನದ ಮೊದಲ ಹಸಿ ಚಿತ್ರ ಬಂದಾಗ ಅಲ್ಲಿ ಏನೂ ಇರಲಿಲ್ಲ. ಅವಳು ಚಿತ್ರವನ್ನು ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ಮಾಡಿ ನೋಡಿದಳು. ಬರೀ ಕಾಳುಕಾಳು ಕತ್ತಲು. ಊಟದ ಡಬ್ಬಿ ಬಿಚ್ಚದೆ ಮನೆಗೆ ವಾಪಸು ಒಯ್ದಳು. ಅಮ್ಮ ಕೇಳಿದ್ದಕ್ಕೆ ಹಸಿವಿರಲಿಲ್ಲ ಎಂದಳು.

ಮಂಜೂರಾತಿಯ ಆದೇಶ ಬಂದದ್ದು ಅದರ ಮುಂದಿನ ವಾರ. ಸದರಿ ನಕ್ಷತ್ರವನ್ನು ಅರ್ಜಿಯ ದಿನದ ಪ್ರಕಾಶದೊಂದಿಗೆ ಪಟ್ಟಿಗೆ ಸೇರಿಸತಕ್ಕದ್ದು, ಮಂಜೂರಾದ ಪ್ರಕಾಶದಲ್ಲಿ ಏರಿಳಿತ ಕಂಡುಬಂದರೆ ಷರತ್ತಿನ ಉಲ್ಲಂಘನೆ ಎಂದು ಭಾವಿಸಲಾಗುವುದು. ಎರಡನೆಯ ಪುಟದಲ್ಲಿ ಇನ್ನೊಂದು ವಿಷಯ ಇತ್ತು: ಸದರಿ ನಕ್ಷತ್ರದ ನಿಗಾಕ್ಕಾಗಿ ತಾಂತ್ರಿಕ ಸಹಾಯಕಿಯ ಒಂದು ಕಾಯಂ ಹುದ್ದೆಯನ್ನು, ನಕ್ಷತ್ರವು ಅಸ್ತಿತ್ವದಲ್ಲಿ ಇರುವ ತನಕ, ಮಂಜೂರು ಮಾಡಲಾಗಿದೆ.

“ಅಂತೂ ಕಾಯಂ ಆಯ್ತಲ್ಲ,” ಎಂದು ರಾವ್ ಅವರು ಮನಸಾರೆ ನಕ್ಕರು. “ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ.”

“ಸರ್, ಆ ನಕ್ಷತ್ರ ಈಗ ಇಲ್ಲ.”

“ಎಲ್ಲಿ ಇಲ್ಲ?”

“ಅಲ್ಲಿ.”

“ಪಟ್ಟಿಯಲ್ಲಿ ಉಂಟು. ಇವತ್ತು ಬೆಳಿಗ್ಗೆ ಅನಿಲಕುಮಾರ ಸೇರಿಸಿದ್ದಾರೆ. ಚಿತ್ರ ನೋಡಿ ಬೇಕಾದರೆ.”

ಅವಳು ಹೋಗಿ ನೋಡಿದಳು. ಎಂಟನೆಯ ಹಂತ ಮುಗಿದಿತ್ತು. ಮಿಥುನದ ಪಾದದ ಬಳಿ, ಜನವರಿಯಲ್ಲಿ ಎಷ್ಟಿತ್ತೋ ಅಷ್ಟೇ ಬೆಳಕಿನಲ್ಲಿ, ಅದು ಕೂತಿತ್ತು. ಅನಿಲಕುಮಾರ ಅವಳ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. “ಚಂದ ಕೂತೈತ್ರಿ,” ಎಂದ. ನಿಗಾ ವಹಿಯಲ್ಲಿ ಪ್ರತಿ ಸೋಮವಾರ 'ಇದೆ' ಅಥವಾ 'ಇಲ್ಲ' ಎಂದು ಬರೆದು ಸಹಿ ಹಾಕಬೇಕಿತ್ತು. ಮೊದಲ ಸೋಮವಾರ ಅವಳು ಪೆನ್ನು ಹಿಡಿದುಕೊಂಡು ಊಟದ ಬಿಡುವಿನ ತನಕ ಕೂತಿದ್ದಳು. ಎರಡನೆಯ ಸೋಮವಾರ ಕಾಲು ಗಂಟೆ. ದೀಪಾವಳಿಯ ಹೊತ್ತಿಗೆ, ಬೆಳಿಗ್ಗೆ ಬಂದ ಕೂಡಲೇ ಮೊದಲು ಅದನ್ನು ಮುಗಿಸಿ ಆಮೇಲೆ ನೀರು ಕುಡಿಯುತ್ತಿದ್ದಳು. ಹಸಿ ಚಿತ್ರಗಳು ಇಳಿಯುವ ಇಪ್ಪತ್ತು ನಿಮಿಷ ಪರದೆಯ ಕಡೆ ಬೆನ್ನು ಮಾಡಿ ಕೂರುವುದನ್ನು ಅಭ್ಯಾಸ ಮಾಡಿಕೊಂಡಳು.

1998ರ ಫೆಬ್ರವರಿಯಲ್ಲಿ, ಒಂದು ಭಾನುವಾರ ಸಂಜೆ, ಡೊಂಬಿವಲಿಯ ಕನ್ನಡಿಗರ ಸಂಘವೊಂದು ನಳಿನಾಕ್ಷಿಯನ್ನು ಸನ್ಮಾನಿಸಿತು. ಸಂಘದ ಅಧ್ಯಕ್ಷರು ಧರ್ಮಪಾಲ ಎಂಬವರು. ಹಡಗಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದು ಈಗ ಹೋಟೆಲ್ ನಡೆಸುತ್ತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ರಾವ್ ಅವರು ಮುಂದಿನ ತಿಂಗಳು ನಿವೃತ್ತರಾಗುವವರು. ತಮ್ಮ ಭಾಷಣದಲ್ಲಿ, ನ್ಯಾಯವಾಗಿ ಕಾಗದಪತ್ರ ಮಾಡಿಸಿಕೊಂಡವರನ್ನು ಈ ದೇಶದಲ್ಲಿ ಯಾರೂ ಎಬ್ಬಿಸಲಾರರು, ಆಕಾಶದಲ್ಲೂ ಹಾಗೇ ಎಂದರು. ಸಿದ್ರಾಮ ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಅವನ ಚಾಳಿಗೆ ಇನ್ನೂ ಕಾಗದ ಆಗಿರಲಿಲ್ಲ.

ಊಟಕ್ಕೆ ಮೊದಲು ಎಲ್ಲರೂ ನಕ್ಷತ್ರ ನೋಡಬೇಕೆಂದು ಧರ್ಮಪಾಲರು ಹೇಳಿದರು. ಅವರು ತಮ್ಮ ಹಡಗಿನ ಕಾಲದ ದೊಡ್ಡ ದುರ್ಬೀನನ್ನು ತಂದಿದ್ದರು, ಸುತ್ತೋಲೆಯ ನಕ್ಷೆಯ ಜೆರಾಕ್ಸ್ ಕೂಡ ಮಾಡಿಸಿಕೊಂಡಿದ್ದರು. ಎಲ್ಲರೂ ಟೆರೇಸಿಗೆ ಹತ್ತಿದರು. ಮುರಾರಿಯವರನ್ನು ಹೋಟೆಲಿನ ಇಬ್ಬರು ಕುರ್ಚಿಯ ಸಮೇತ ಎತ್ತಿಕೊಂಡು ಮೇಲೆ ತಂದರು. ಎಂಟು ಗಂಟೆಯ ಹೊತ್ತು, ಮಿಥುನ ಮೇಲೆ ಬಂದಿತ್ತು. ಧರ್ಮಪಾಲರು ನಕ್ಷೆಯನ್ನೂ ಆಕಾಶವನ್ನೂ ಹೋಲಿಸಿ ಸರಿಯಾದ ಜಾಗಕ್ಕೇ ದುರ್ಬೀನು ಹಿಡಿದರು. ಹಡಗಿನವರಿಗೆ ನಕ್ಷತ್ರದ ದಾರಿ ಗೊತ್ತಿರುತ್ತದೆ.

ತುಂಬ ಹೊತ್ತು ನೋಡಿದರು. “ಇಲ್ಲಿ ಖಾಲಿ ಕಾಣ್ತದಲ್ಲ,” ಎಂದರು.

“ಬರಿಗಣ್ಣಿಗೆ, ದುರ್ಬೀನಿಗೆ ಕಾಣುವುದು ಶುದ್ಧಿ ಆಗದ ಆಕಾಶ,” ಎಂದರು ರಾವ್, ಸಮಾಧಾನದಿಂದ. “ಅದರಲ್ಲಿ ಹೆಚ್ಚುಕಮ್ಮಿ ಇರ್ತದೆ.”

“ಹೆಚ್ಚುಕಮ್ಮಿ ಅಲ್ಲ ರಾಯರೆ, ಏನೂ ಇಲ್ಲ.” ಧರ್ಮಪಾಲರು ನಳಿನಾಕ್ಷಿಯ ಕಡೆ ತಿರುಗಿದರು. “ನೀನೇ ಹೇಳಮ್ಮ. ಉಂಟಾ, ಇಲ್ವಾ?”

ಟೆರೇಸಿನಲ್ಲಿ ನಲವತ್ತು ಜನ ಇದ್ದರು. ನಳಿನಾಕ್ಷಿ ಆ ಜಾಗವನ್ನು ನೋಡಿದಳು. ಅದು ಎಲ್ಲಿತ್ತು ಎಂದು ಅಲ್ಲಿದ್ದವರಲ್ಲಿ ಅವಳಷ್ಟು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಅಪ್ಪ ಕತ್ತು ಎತ್ತಿ, ಬಾಯಿ ಸ್ವಲ್ಪ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಅವರ ಹೆಗಲ ಮೇಲೆ ಅವಳಿಗೆ ಹೊದಿಸಿದ ಶಾಲು ಇತ್ತು.

“ಇದೆ,” ಎಂದಳು. “ಸ್ವಲ್ಪ ಎಡಕ್ಕೆ ಹಿಡೀರಿ.”

ಧರ್ಮಪಾಲರು ಸ್ವಲ್ಪ ಎಡಕ್ಕೆ ಹಿಡಿದರು. ಅಲ್ಲಿ ಬೇರೆ ಒಂದು ನಕ್ಷತ್ರ ಇತ್ತು, ಮೊದಲಿನಿಂದ ಇದ್ದದ್ದು, ಯಾರೂ ಅರ್ಜಿ ಹಾಕದೆ ಇದ್ದದ್ದು. “ಹಾಂ, ಸಿಕ್ಕಿತು,” ಎಂದು ದುರ್ಬೀನನ್ನು ಮುರಾರಿಯವರ ಕೈಗೆ ಕೊಟ್ಟರು.

ಮುರಾರಿಯವರು ಎರಡು ಕೈಯಲ್ಲೂ ಹಿಡಿದುಕೊಂಡು ತುಂಬ ಹೊತ್ತು ನೋಡಿದರು. “ಒಳ್ಳೆ ಉಂಟು,” ಎಂದರು. ಆಮೇಲೆ ಎಲ್ಲರೂ ಸಾಲಾಗಿ ನಿಂತರು. ಕೆಲವರು ಎರಡೆರಡು ಸಲ ನೋಡಿದರು. ನೋಡಿದವರೆಲ್ಲ ಚೆನ್ನಾಗಿ ಕಾಣುತ್ತದೆ ಎಂದರು. ಅನಿಲಕುಮಾರ ತನ್ನ ಸರದಿ ಬಂದಾಗ ದುರ್ಬೀನನ್ನು ಕಣ್ಣಿಗೆ ಹಿಡಿಯದೆ ಮುಂದಿನವರಿಗೆ ಕೊಟ್ಟು, “ನಾ ದಿನಾ ನೋಡತೀನ್ರಿ,” ಎಂದ.

ಕೊನೆಯವರು ರಾವ್. ಎರಡು ವರ್ಷ ಆಕಾಶದ ಕೆಲಸ ಮಾಡಿದರೂ ಅವರು ಒಂದು ನಕ್ಷತ್ರವನ್ನು ಗಾಜಿನ ಮೂಲಕ ನೋಡಿದ್ದು ಅದೇ ಮೊದಲು. ನೋಡಿ, ದುರ್ಬೀನು ಇಳಿಸಿ, ಬೇರೆಯವರಿಗೆ ಕೇಳಿಸದಂತೆ ನಳಿನಾಕ್ಷಿಯ ಹತ್ತಿರ ಬಂದು ಹೇಳಿದರು:

“ಸ್ವಲ್ಪ ಮಂಕಾದ ಹಾಗೆ ಉಂಟು. ನಾಳೆ ಬೆಳಿಗ್ಗೆ ಸರಿ ಮಾಡಿಸಿ.”

“ಆಯ್ತು ಸರ್,” ಎಂದಳು ನಳಿನಾಕ್ಷಿ. ಕೆಳಗೆ ಎಲೆ ಹಾಕಿಯಾಗಿತ್ತು. ಎಲ್ಲರೂ ಊಟಕ್ಕೆ ಇಳಿದರು.